ಆಯಿಯ ಕುಂಬಳಬಳ್ಳಿಗೆ ಆದ ದೃಷ್ಟಿ

ಇವತ್ತು ಕಲಬುರಗಿಯಲ್ಲಿ ಪಕ್ಕದ ಮನೆಯವರು ಮಾಳಿಗೆ ಮೇಲಿನ ಕುಂಡಗಳಿಗೆ ಹುಳ ಸಾಯಿಸುವ ಪುಡಿ ಉದುರಿಸುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಮಲಾಪುರದ ನಮ್ಮ ಆಯಿಯ ಹಿತ್ತಲು ನೆನಪಾಯಿತು.

ಆಯಿ ಅಂದರೆ ನಮ್ಮ ಅಜ್ಜಿ. ಅವಳ ಕುಂಬಳಬಳ್ಳಿ ಗೋಡೆ ಹತ್ತಿ, ತಗಡಿನ ಮೇಲೆ ಹಬ್ಬಿ, ಹಿತ್ತಲನ್ನೆಲ್ಲ ತಬ್ಬಿತ್ತು. ಹೂವು ರಾಶಿ, ಕಾಯಿ ಮಾತ್ರ ನಾಸ್ತಿ. ಹೆರಿಗೆಗೆ ತವರಿಗೆ ಬಂದಿದ್ದ ಸೋದರತ್ತೆಗೋ ಅದೇ ಬಳ್ಳಿಯ ಕಾಯಿಗೆ ಬೆಲ್ಲ ಹಾಕಿ ಕರಿದ ಗಾರಿಗೆ ತಿನ್ನುವ ಬಯಕೆ.

"ದೃಷ್ಟಿ ಆಗ್ಯಾದ," ಎಂದು ಆಯಿ ಬಳ್ಳಿಗೆ ಅಜ್ಜನ ಹಳೇ ಚಪ್ಪಲಿ ಕಟ್ಟಿದಳು. ಅದಿನ್ನೂ ಹಳೇದಾಗಿರಲಿಲ್ಲ ಎಂಬುದು ಅಜ್ಜನ ತಕರಾರು.

ಅತ್ತೆ ನಕ್ಕಳು. "ಅಪ್ಪಾ, ದಿನಾ ಮುಂಜಾನಿ ಹೂವಿನ ಮ್ಯಾಲ ಹುಳದ ಪುಡಿ ಹಾಕ್ತಿ. ಒಂದರ ಜೇನುಹುಳ ಕಂಡದೇನು?"

"ಹುಳ ಅಂದ್ರ ಹುಳಾನ. ಅದರಾಗ ಜೇನೇನು, ಬ್ಯಾರೇದೇನು?"

"ಗಂಡುಹೂವಿನ ಧೂಳಿ ಹೆಣ್ಣುಹೂವಿಗೆ ಒಯ್ಯೋದಽ ಅದು. ಲಗ್ನ ಮಾಡ್ಸೋ ಭಟ್ಟರನ್ನಽ ಓಡಿಸಿ, ಮೊಮ್ಮಕ್ಕಳು ಯಾಕ ಆಗವಲ್ಲವು ಅಂದ್ರ ಹ್ಯಾಂಗ?"

ಅಜ್ಜ ಪುಡಿಯ ಡಬ್ಬಿಯನ್ನು ಅಟ್ಟಕ್ಕೇರಿಸಿದ. ಮರುದಿನ ಅತ್ತೆಯೇ ಒಂದು ಗಂಡುಹೂವು ಕಿತ್ತು ಹೆಣ್ಣುಹೂವಿಗೆ ಮುಟ್ಟಿಸಿದಳು. ಒಂದೇ ಒಂದು ಕಾಯಿ ನಿಂತಿತು. ಅದು ಬಲಿಯುವಷ್ಟರಲ್ಲಿ ಕೂಸು ಹುಟ್ಟಿತ್ತು. ಗಾರಿಗೆಯನ್ನು ಮನೆಮಂದಿಯೆಲ್ಲ ತಿಂದೆವು. ಕುಂಬಳ ವಾಯು ಅಂತ ಬಾಣಂತಿಗೆ ಮಾತ್ರ ಕೊಡಲಿಲ್ಲ.

ಅದನ್ನು ನೆನೆದು ಪಕ್ಕದವರಿಗೆ, "ಹೂವಿಗೆ ಬ್ಯಾಡ್ರಿ, ಜೇನುಹುಳ ಸಾಯ್ತಾವ," ಅಂದೆ.

"ಇಲ್ಲಿ ಜೇನುಹುಳ ಎಲ್ಲವ್ರೀ?" ಅಂದರು.

ಅವರಿಗೊಂದಾದರೂ ತೋರಿಸೋಣವೆಂದು ಮಾಳಿಗೆ ಮೇಲೆ ಕೂತಿದ್ದೇನೆ. ಮಧ್ಯಾಹ್ನವಾಯಿತು, ಇನ್ನೂ ಕೂತೇ ಇದ್ದೇನೆ.