ಟೈಂಕೀಪರರ ರಿಜಿಸ್ಟರಿನಲ್ಲಿ ಮೂರು ಖಾಲಿ ಗೆರೆ

ಎರಡನೇ ಮಹಡಿಯ ಯಜಮಾನರು ಪ್ಲೈವುಡ್ ಕಾರ್ಖಾನೆಯ ಗೇಟಿನಲ್ಲಿ ಮೂವತ್ತನಾಲ್ಕು ವರ್ಷ ಟೈಂಕೀಪರ್ ಆಗಿದ್ದವರು. ಯಾರು ಎಷ್ಟು ಗಂಟೆಗೆ ಒಳಗೆ ಹೋದರು, ಎಷ್ಟು ಗಂಟೆಗೆ ಹೊರಗೆ ಬಂದರು ಎಂದು ಬರೆಯುವುದೇ ಅವರ ಕೆಲಸ. ಒಮ್ಮೆ ಮಾಲೀಕನೇ ಹನ್ನೆರಡು ನಿಮಿಷ ತಡವಾಗಿ ಬಂದಾಗ ಅದನ್ನೂ ಬರೆದಿದ್ದರಂತೆ. ಮಾಲೀಕ ನಕ್ಕ, ಇವರು ನಗಲಿಲ್ಲ. ಅಷ್ಟು ವರ್ಷದಲ್ಲಿ ರಿಜಿಸ್ಟರಿನ ಒಂದು ಗೆರೆಯನ್ನೂ ಖಾಲಿ ಬಿಟ್ಟವರಲ್ಲ ಎಂಬುದು ಅವರ ಹೆಮ್ಮೆ, ಅದನ್ನು ಕೇಳಿ ಕೇಳಿ ಕಟ್ಟಡದವರ ಕಿವಿ ತೂತು ಬಿದ್ದಿತ್ತು. ನಿವೃತ್ತರಾದ ಮೇಲೂ ಚಟ ಬಿಡಲಿಲ್ಲ. ನೀರಿನ ಪಂಪು ಎಷ್ಟಕ್ಕೆ ಶುರುವಾಯಿತು, ಪೇಪರಿನವನು ಎಷ್ಟಕ್ಕೆ ಬಂದ, ಎಲ್ಲವೂ ದಾಖಲು.

ಇಷ್ಟು ಶಿಸ್ತಿನ ಮನುಷ್ಯನಿಗೆ ಇದ್ದ ಒಂದೇ ಕೊರತೆ ನಿದ್ದೆ. ಅರ್ಧ ಆಯುಷ್ಯ ರಾತ್ರಿ ಪಾಳಿಯಲ್ಲೇ ಕಳೆದದ್ದರಿಂದ ಅವರಿಗೆ ಕಣ್ಣು ಹತ್ತುವುದು ಬೆಳಗ್ಗೆ ಹನ್ನೊಂದರ ಮೇಲೆ, ಅದೂ ಒಂದೂವರೆ ತಾಸು ಮಾತ್ರ. ಆ ಒಂದೂವರೆ ತಾಸಿಗೂ ಕಲ್ಲು ಹಾಕಿದ್ದು ಮೇಲಿನ ಮನೆಯ ನಾಯಿ.

ಮೇಲಿನ ಮನೆಯಲ್ಲಿ, ಅಂದರೆ ಸರಿಯಾಗಿ ಅವರ ನೆತ್ತಿಯ ಮೇಲೆ, ಮೈಕಕ್ಕ ಇದ್ದಳು. ಕಟ್ಟಡದ ಹಿಂದಿನ ಗೋಡೆ ದಾಟಿದರೆ ಬಸ್ ನಿಲ್ದಾಣ. ಅಲ್ಲಿ ಯಾವ ಬಸ್ಸು ಯಾವ ಅಂಕಣದಿಂದ ಎಷ್ಟಕ್ಕೆ ಹೊರಡುತ್ತದೆ ಎಂದು ಧ್ವನಿವರ್ಧಕದಲ್ಲಿ ಹೇಳುವುದು ಅವಳ ಕೆಲಸ, ಅದಕ್ಕೇ ಮಕ್ಕಳೆಲ್ಲ ಸೇರಿ ಆ ಹೆಸರಿಟ್ಟಿದ್ದರು. ನಲವತ್ತೆರಡು ವಯಸ್ಸು, ಒಬ್ಬಂಟಿ. ತನಗೆ ಗಂಟಲು ಬಿಟ್ಟರೆ ಬೇರೆ ಆಸ್ತಿಯಿಲ್ಲ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು.

ನಾಯಿಯ ಹೆಸರು ಬೂದಿ. ಬಣ್ಣವೂ ಅದೇ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಮೊದಲು ಒಂದು ಗ್ಯಾರೇಜಿನಲ್ಲಿತ್ತು, ಗ್ಯಾರೇಜು ಮುಚ್ಚಿತು. ಆಮೇಲೆ ಮೈಕಕ್ಕನ ಅಕ್ಕನ ಮನೆ ಸೇರಿತು. ಅಕ್ಕ-ಭಾವನಿಗೆ ಬೇರೆ ಊರಿಗೆ ವರ್ಗವಾಯಿತು, ಹೊಸ ಮನೆಯವರು ನಾಯಿ ಬೇಡ ಎಂದರು. ಒಂದು ಭಾನುವಾರ ಅಕ್ಕ ಬೂದಿಯನ್ನೂ ಅದರ ಊಟದ ತಟ್ಟೆಯನ್ನೂ ತಂದು ಮೈಕಕ್ಕನಿಗೆ ಒಪ್ಪಿಸಿ, ಕಣ್ಣೊರೆಸಿಕೊಂಡು ಹೋದಳು. ಎರಡು ಮನೆ ಕಳೆದುಕೊಂಡ ಪ್ರಾಣಿಗೆ ಮೂರನೆಯವಳು ಬಾಗಿಲು ಎಳೆದುಕೊಂಡು ಹೊರಟರೆ ಏನನ್ನಿಸಬೇಡ? ಮೈಕಕ್ಕ ಕೆಲಸಕ್ಕೆ ಹೋದದ್ದೇ ಶುರು, ಊಳಿಡುವುದು, ಬಾಗಿಲು ಕೆರೆಯುವುದು. ಅವಳು ಸಂಜೆ ಬಂದು ನೋಡಿದರೆ ನೀರು ಇಟ್ಟ ಹಾಗೇ ಇರುತ್ತಿತ್ತು, ಚೌಕಟ್ಟಿನ ಮರ ಸಿಬಿರೆದ್ದಿರುತ್ತಿತ್ತು, ಬೂದಿ ಗಡಗಡ ನಡುಗುತ್ತ ಅವಳ ಕಾಲಿಗೆ ಸುತ್ತಿಕೊಳ್ಳುತ್ತಿತ್ತು.

ಮೈಕಕ್ಕ ಕೈಕಟ್ಟಿ ಕೂತವಳಲ್ಲ. ತನ್ನ ದನಿ ಕೇಳುತ್ತಿದ್ದರೆ ನಾಯಿಗೆ ಧೈರ್ಯ ಬರುತ್ತದೆ ಎಂದುಕೊಂಡಳು. ನಿಲ್ದಾಣದ ಎಲೆಕ್ಟ್ರಿಷಿಯನ್‌ಗೆ ನಾಲ್ಕು ದಿನ ಚಹಾ ಕುಡಿಸಿ, ಒಂದು ಧ್ವನಿವರ್ಧಕದ ಮೂತಿಯನ್ನು ಸೀದಾ ತನ್ನ ಕಿಟಕಿಯ ಕಡೆ ತಿರುಗಿಸಿದಳು. ಹೊರಡುವಾಗ ಆ ಕಿಟಕಿಯನ್ನು ಪೂರ್ತಿ ತೆರೆದಿಟ್ಟು ಹೋಗುತ್ತಿದ್ದಳು. ಎರಡು ಸಲ ಹೇಳಬೇಕಾದ್ದನ್ನು ಮೂರು ಸಲ ಹೇಳುತ್ತಿದ್ದಳು, ಮೂರನೆಯ ಸಲ ದನಿಗೆ ಸ್ವಲ್ಪ ಬೆಲ್ಲವನ್ನೂ ಬೆರೆಸುತ್ತಿದ್ದಳು. ತನ್ನ ಬುದ್ಧಿವಂತಿಕೆಗೆ ತಾನೇ ಬೆನ್ನು ತಟ್ಟಿಕೊಂಡಳು.

ಬೂದಿ ಇನ್ನೂ ಜೋರಾಗಿ ಅಳತೊಡಗಿತು.

ಮೂರನೇ ವಾರ ಮನೆಮಾಲೀಕರ ಸಂಘದಿಂದ ಪತ್ರ ಬಂತು. ಮುಂದಿನ ತಿಂಗಳ ಸಭೆಯೊಳಗೆ ನಾಯಿ ಸುಮ್ಮನಾಗಬೇಕು, ಇಲ್ಲವೇ ಕಟ್ಟಡ ಬಿಡಬೇಕು. ಕೆಳಗೆ ಮೊದಲ ಸಹಿ ಟೈಂಕೀಪರ್ ಯಜಮಾನರದು, ಸಹಿಯ ಪಕ್ಕದಲ್ಲಿ ಸಹಿ ಮಾಡಿದ ಸಮಯವೂ ಇತ್ತು. ಮೈಕಕ್ಕ ಅಕ್ಕನಿಗೆ ಫೋನ್ ಮಾಡಿ ಅತ್ತಳು.

“ಆಗದಿದ್ರೆ ಬಿಟ್ಬಿಡೇ,” ಎಂದಳು ಅಕ್ಕ. “ಯಾವುದಾದ್ರೂ ಆಶ್ರಯಕ್ಕೆ ಕೊಡೋಣ. ನಿನ್ನ ಕೈಲಾದಷ್ಟು ನೀನು ಮಾಡಿದ್ದೀಯ.”

“ಎರಡು ಮನೆ ಆಯ್ತಲ್ಲ ಅಕ್ಕ. ಇನ್ನೊಂದ್ಸಲ ಬಿಟ್ರೆ ಅದು ಅನ್ನ ನೀರು ಬಿಡುತ್ತೆ. ನನಗೆ ಗೊತ್ತು.”

ಮರುದಿನ ಸಂಜೆ ಐದಕ್ಕೆ ಬಾಗಿಲು ಬಡಿದ ಸದ್ದಾಯಿತು. ಯಜಮಾನರು ನಿಂತಿದ್ದರು, ಕಂಕುಳಲ್ಲಿ ಉದ್ದನೆಯ ರಿಜಿಸ್ಟರು. ಬೂದಿ ಬಂದು ಅವರ ಮೊಣಕಾಲು ಮೂಸಿತು. ಅವರು ಅದರ ಕಡೆ ನೋಡಲಿಲ್ಲ.

“ಮೇಡಂ, ಬರೀ ಬಾಯಿಮಾತಲ್ಲಿ ದೂರು ಹೇಳೋನಲ್ಲ ನಾನು. ದಾಖಲೆ ಇದೆ. ಕೇಳಿ,” ಎಂದು ಕನ್ನಡಕ ಏರಿಸಿದರು. “ನಿನ್ನೆ ನಿಮ್ಮ ನಾಯಿ ಊಳಿಟ್ಟ ಸಮಯ. ಎಂಟು ಹನ್ನೊಂದು. ಎಂಟು ಮೂವತ್ತಾರು. ಒಂಬತ್ತು ಆರು...”

“ಒಂಬತ್ತು ನಲವತ್ತೊಂದು,” ಎಂದಳು ಮೈಕಕ್ಕ, ತನಗೆ ಗೊತ್ತಿಲ್ಲದೆಯೇ.

ಯಜಮಾನರು ಪುಟ ನೋಡಿದರು, ಅವಳನ್ನು ನೋಡಿದರು. “ಹೌದು. ನಿಮಗೆ ಹೇಗೆ ಗೊತ್ತು?”

“ಹತ್ತು ಇಪ್ಪತ್ತೊಂದು. ಹನ್ನೊಂದು ಆರು.” ಮೈಕಕ್ಕ ರಿಜಿಸ್ಟರಿನತ್ತ ಬಗ್ಗಿದಳು. “ಸಾರ್, ಅದೆಲ್ಲ ನಾನು ಬಸ್ಸು ಹೇಳಿದ ಮರುನಿಮಿಷ. ಎಂಟು ಹತ್ತಕ್ಕೆ ಮೊದಲನೇದು ಹೇಳ್ತೀನಿ. ಎಂಟು ಮೂವತ್ತೈದಕ್ಕೆ ಎರಡನೇದು.”

“ಹೋದ ಬುಧವಾರ ಒಂದು ಸಲಾನೂ ಕೂಗಿಲ್ಲ. ಇಲ್ಲಿ ನೋಡಿ. ನೀವು ಪೇಟೆಗೆ ಹೋಗಿದ್ರಿ, ಒಂದು ತಾಸು ಬರೀ ಕುಂಯ್‌ಗುಟ್ಟಿದೆ, ಅಷ್ಟೆ.”

“ಬುಧವಾರ ನನಗೆ ವಾರದ ರಜೆ. ಮೈಕಲ್ಲಿ ಬೇರೆಯವರು ಮಾತಾಡ್ತಾರೆ.”

ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ನೋಡಿದರು. ಧ್ವನಿವರ್ಧಕ ಅವರ ಕಡೆಗೇ ಬಾಯಿ ಕಳೆದುಕೊಂಡು ನಿಂತಿತ್ತು. ಒಬ್ಬಂಟಿ ಪ್ರಾಣಿಗೆ ಯಜಮಾನಿಯ ದನಿ ಅರ್ಧ ಗಂಟೆಗೊಮ್ಮೆ ಕೇಳುತ್ತದೆ, ಮನೆಯೆಲ್ಲ ಹುಡುಕಿದರೂ ಅವಳು ಸಿಗುವುದಿಲ್ಲ. ತಾನೇ ಅದನ್ನು ದಿನಕ್ಕೆ ಹದಿನೈದು ಸಲ ಕರೆದು ಕರೆದು ಅಳಿಸಿದ್ದು ಎಂದು ಗೊತ್ತಾದಾಗ ಮೈಕಕ್ಕ ನೆಲದ ಮೇಲೆ ಕುಸಿದು ಕೂತಳು. ಬೂದಿ ಅವಳ ತೊಡೆಯ ಮೇಲೆ ತಲೆಯಿಟ್ಟಿತು, ಅದಕ್ಕೆ ಅವಳ ಮೇಲೆ ಯಾವ ದೂರೂ ಇರಲಿಲ್ಲ.

ಯಜಮಾನರು ದೂರು ಕೊಡಲು ಬಂದದ್ದನ್ನು ಮರೆತೇಬಿಟ್ಟರು. “ಏಳಮ್ಮ,” ಎಂದರು. ಮೇಡಂ ಹೋಗಿ ಅಮ್ಮ ಆಗಿತ್ತು. “ಸಮಯ ಗೊತ್ತಾದ್ರೆ ಅರ್ಧ ಕೆಲಸ ಆದ ಹಾಗೆ. ಸಭೆಗೆ ಇನ್ನೂ ಇಪ್ಪತ್ತಾರು ದಿನ ಇದೆ.”

ಧ್ವನಿವರ್ಧಕ ಮರುದಿನವೇ ಹಳೆಯ ದಿಕ್ಕಿಗೆ ತಿರುಗಿತು. ಎಲೆಕ್ಟ್ರಿಷಿಯನ್ ಮತ್ತೆ ನಾಲ್ಕು ಚಹಾ ಕುಡಿದ. ಆದರೂ ದನಿ ಸಣ್ಣಗೆ ಕೇಳುತ್ತಲೇ ಇತ್ತು, ಬೂದಿಯ ಎದೆಯಲ್ಲಿ ಕೂತ ಭಯವೂ ಹೋಗಿರಲಿಲ್ಲ. ಮೈಕಕ್ಕ ಪಶುವೈದ್ಯೆಯನ್ನು ಕೇಳಿಕೊಂಡು ಬಂದಳು. ನಾಯಿ ಹೆದರುವ ಮೊದಲೇ ವಾಪಸು ಬರಬೇಕು, ಸಮಯವನ್ನು ಚೂರು ಚೂರೇ ಹೆಚ್ಚಿಸಬೇಕು, ಆ ನಡುವೆ ಅದನ್ನು ಒಂದು ದಿನವೂ ಪೂರ್ತಿ ಒಂಟಿಯಾಗಿ ಬಿಡಬಾರದು ಎಂದಿದ್ದರು ಆಕೆ. ಕೂಡಿಟ್ಟ ರಜೆ ಹತ್ತು ದಿನ ಸಿಕ್ಕಿತು. ಉಳಿದ ದಿನಗಳಿಗೆ ಏನು ಮಾಡುವುದೆಂದು ಮೈಕಕ್ಕ ತಲೆ ಕೆಡಿಸಿಕೊಂಡಿರುವಾಗ ಯಜಮಾನರ ಹೆಂಡತಿ ಮೇಲೆ ಬಂದು, ಕೇಳದೆಯೇ ಬೂದಿಯ ಚಾಪೆಯನ್ನು ಸುರುಳಿ ಸುತ್ತಿಕೊಂಡರು.

“ನೀನು ಕೆಲಸಕ್ಕೆ ಹೋದಾಗ ನಮ್ಮನೇಲಿರಲಿ. ಹೇಗೂ ಇವರು ನಿದ್ದೆ ಮಾಡಲ್ಲ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತಿರ್ತಾರೆ. ಆಮೇಲೆ ಈ ಸಾರ್ ಗೀರ್ ಎಲ್ಲ ಬೇಡ. ದೊಡ್ಡಪ್ಪ ಅನ್ನು.”

ದೊಡ್ಡಪ್ಪ ಆದ ಯಜಮಾನರು ಹೊಸ ಪುಟದಲ್ಲಿ ಗೆರೆ ಎಳೆದರು. ಹೊರಟ ಸಮಯ, ಬಂದ ಸಮಯ, ನಾಯಿಯ ಸ್ಥಿತಿ. ಸಂಜೆಯಾದರೆ ಮೆಟ್ಟಿಲ ಮೇಲೆ ಗಡಿಯಾರ ಹಿಡಿದು ಕೂರುತ್ತಿದ್ದರು. ಮೊದಲ ದಿನ ಅರ್ಧ ನಿಮಿಷ. ಮೈಕಕ್ಕ ಬೂದಿಯ ಕೆನ್ನೆ ಹಿಡಿದು, “ಈಗ ಬಂದೆ ಚಿನ್ನ, ಹೆದರಬೇಡ ಬಂಗಾರ, ಇಲ್ಲೇ ಇರ್ತೀನಿ ರಾಜ,” ಎಂದು ಹತ್ತು ನಿಮಿಷ ಮುದ್ದು ಮಾಡಿ ಅರ್ಧ ನಿಮಿಷ ಹೊರಗೆ ಬಂದಳು.

ದೊಡ್ಡಮ್ಮ ಹಣೆ ಚಚ್ಚಿಕೊಂಡರು. “ಯುದ್ಧಕ್ಕೆ ಹೊರಟವರೂ ಇಷ್ಟು ಹೇಳಿ ಹೋಗಲ್ಲ ಕಣೇ. ಅಷ್ಟು ಸಲ ಹೆದರಬೇಡ ಅಂದ್ರೆ ಯಾರಿಗಾದ್ರೂ ಹೆದರಿಕೆ ಆಗುತ್ತೆ. ಕಸ ಹಾಕೋಕೆ ಹೋಗೋ ಹಾಗೆ ಹೋಗು, ಕಸ ಹಾಕಿ ಬಂದ ಹಾಗೆ ಬಾ.”

ಹಾಗೇ ಹೋದಳು, ಹಾಗೇ ಬಂದಳು. ಒಂದು ನಿಮಿಷ, ಎರಡು ನಿಮಿಷ. ಎಂಟು ಸೆಕೆಂಡು ತಡವಾದರೂ ದೊಡ್ಡಪ್ಪ ಕೆಂಪು ಶಾಯಿಯಲ್ಲಿ ‘ತಡ’ ಎಂದು ಬರೆಯುತ್ತಿದ್ದರು. ಇದರ ಜೊತೆ ಅವಳು ತನ್ನ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟು, ಬೂದಿಯ ಎದುರಿಗೇ ಕೂತು ಸಣ್ಣಗೆ ಕೇಳಿಸುತ್ತಿದ್ದಳು. ‘ಪ್ರಯಾಣಿಕರು ದಯವಿಟ್ಟು ಗಮನಿಸಿ’ ಎಂದು ಬಂದಾಗಲೆಲ್ಲ ಚಾಪೆಯ ಮೇಲೆ ಬೇಯಿಸಿದ ಮೊಟ್ಟೆಯ ಒಂದು ಚೂರು. ಬರಬರುತ್ತ ದನಿ ಜೋರಾಯಿತು, ಅವಳು ಪಕ್ಕದ ಕೋಣೆಗೆ ಹೋದಳು, ಆಮೇಲೆ ಬಾಗಿಲಾಚೆಗೆ. ಎರಡನೇ ವಾರದ ಹೊತ್ತಿಗೆ ಪ್ರಯಾಣಿಕರು ಗಮನಿಸಿದರೋ ಇಲ್ಲವೋ, ಬೂದಿಯಂತೂ ಜೊಲ್ಲು ಸುರಿಸುತ್ತ ಚಾಪೆಗೆ ಹೋಗಿ ಕೂರುತ್ತಿತ್ತು.

ಹದಿನೈದನೇ ದಿನ ಮೈಕಕ್ಕನಿಗೆ ಆಸೆ ಹೆಚ್ಚಾಯಿತು. ದೊಡ್ಡಪ್ಪ ಹತ್ತು ನಿಮಿಷ ಎಂದರೆ ಕೇಳದೆ ಮುಕ್ಕಾಲು ಗಂಟೆ ಹೋಗಿಬಿಟ್ಟಳು. ಬಂದಾಗ ಕಾಲೊರೆಸು ಚಿಂದಿ ಚಿಂದಿ, ಹಜಾರದ ತುಂಬ ಉಚ್ಚೆ, ಬೂದಿ ಮಂಚದ ಕೆಳಗೆ. ಅವಳು ನೆಲ ಒರೆಸುತ್ತ ತನ್ನನ್ನು ತಾನೇ ಬೈದುಕೊಂಡಳು. ದೊಡ್ಡಪ್ಪ ಇನ್ನೊಂದು ಬಟ್ಟೆ ತಂದು, ನೋಯುವ ಮಂಡಿ ಊರಿ ಕೂತು, ಅವಳ ಜೊತೆ ಒರೆಸಿದರು. ಮರುದಿನ ಮತ್ತೆ ಎರಡು ನಿಮಿಷದಿಂದ ಶುರು ಮಾಡಿದರು.

ಮತ್ತೆ ಚೂರು ಚೂರೇ ಹೆಚ್ಚಿಸುತ್ತ ಮೂರ್ನಾಲ್ಕು ತಾಸಿಗೆ ಮುಟ್ಟಿದಾಗ ಸಭೆಗೆ ಮೂರು ದಿನ ಉಳಿದಿತ್ತು. ಇನ್ನು ಬೂದಿ ತನ್ನ ಮನೆಯಲ್ಲೇ ಒಂಟಿಯಾಗಿ ಇರಬೇಕು, ದೊಡ್ಡಪ್ಪ ಕೆಳಗೆ ಕಿಟಕಿಯ ಪಕ್ಕ ಕೂತು ಬರೆಯಬೇಕು, ಅದೇ ಸಭೆಯ ಮುಂದೆ ಸಾಕ್ಷಿ ಎಂದು ಮಾತಾಯಿತು. ಮೊದಲ ದಿನ ಎರಡು ಸಲ ಸಣ್ಣಗೆ ಕುಂಯ್‌ಗುಟ್ಟಿತ್ತು. ಎರಡನೇ ದಿನ ಒಂದು ಸಲ. ಮೂರನೇ ದಿನ ಮೈಕಕ್ಕ ಮೆಟ್ಟಿಲು ಹತ್ತಿ ಬಂದು ಬೀಗ ತೆಗೆದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಓಡಿ ನೋಡಿದರೆ ಬೂದಿ ಚಾಪೆಯ ಮೇಲೆ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ನೆಟ್ಟಗಿನ ಕಿವಿಯನ್ನು ಒಮ್ಮೆ ಅಲ್ಲಾಡಿಸಿ, ಓ ನೀನಾ ಎಂಬಂತೆ ನೋಡಿ, ಮತ್ತೆ ಕಣ್ಣು ಮುಚ್ಚಿತು. ನೀರಿನ ಬಟ್ಟಲು ಅರ್ಧ ಖಾಲಿಯಾಗಿತ್ತು.

ಸಂತೋಷ ಹೇಳಲು ಕೆಳಗೆ ಓಡಿದಳು. ದೊಡ್ಡಪ್ಪ ಬಾಗಿಲು ತೆಗೆದರು, ಮುಖ ಮಾತ್ರ ಎತ್ತಲಿಲ್ಲ.

“ಇವತ್ತು ಹೇಗಿತ್ತು ದೊಡ್ಡಪ್ಪ?”

“ಸಭೇಲಿ ಹೇಳ್ತೀನಿ,” ಎಂದವರೇ ರಿಜಿಸ್ಟರನ್ನು ಬೆನ್ನ ಹಿಂದೆ ಸರಿಸಿ, ಬಾಗಿಲು ಹಾಕಿಕೊಂಡರು.

ಮೈಕಕ್ಕ ಮುಚ್ಚಿದ ಬಾಗಿಲ ಮುಂದೆಯೇ ನಿಂತಳು. ಬೂದಿ ಅತ್ತಿದೆ, ಅತ್ತೂ ಅತ್ತೂ ಸುಸ್ತಾಗಿ ಮಲಗಿದೆ ಎಂದುಕೊಂಡಳು. ದೊಡ್ಡಪ್ಪ ಸುಳ್ಳು ಬರೆಯುವವರಲ್ಲ, ಮಾಲೀಕನ ಹನ್ನೆರಡು ನಿಮಿಷವನ್ನೇ ಬಿಡದವರು.

ಸಂಜೆ ಸಭೆ ನೆಲಮಹಡಿಯಲ್ಲಿ, ವಾಹನ ನಿಲ್ಲಿಸುವ ಜಾಗದಲ್ಲಿ. ಕಾರ್ಯದರ್ಶಿ ರಿಜಿಸ್ಟರು ಇಸಿದುಕೊಂಡು ಗಟ್ಟಿಯಾಗಿ ಓದಿದರು. “ಎಂಟು ಹತ್ತು, ಸದ್ದಿಲ್ಲ. ಎಂಟು ಮೂವತ್ತೈದು, ಸದ್ದಿಲ್ಲ. ಒಂಬತ್ತು ಐದು, ಒಮ್ಮೆ ಆಕಳಿಸಿತು. ಆಕಳಿಸಿದ್ದೂ ಕೇಳಿಸ್ತಾ ನಿಮಗೆ? ಒಂಬತ್ತು ನಲವತ್ತು, ಸದ್ದಿಲ್ಲ. ಹತ್ತು ಇಪ್ಪತ್ತು, ಸದ್ದಿಲ್ಲ. ಹನ್ನೊಂದು ಐದು...” ಅಲ್ಲಿಗೆ ನಿಲ್ಲಿಸಿದರು. “ಇದೇನ್ ಸಾರ್? ಹನ್ನೊಂದು ಐದು ಖಾಲಿ. ಹನ್ನೊಂದು ನಲವತ್ತು ಖಾಲಿ. ಹನ್ನೆರಡು ಹದಿನೈದೂ ಖಾಲಿ. ನಾಯಿ ಕೂಗಿದ್ದನ್ನ ಮುಚ್ಚಿಟ್ರಾ?”

“ನಾನು ಮುಚ್ಚಿಡೋನಾ?” ದೊಡ್ಡಪ್ಪನ ಕಿವಿ ಕೆಂಪಾಗಿತ್ತು. ನಿಂತೇ ಇದ್ದರು, ನೆಲ ನೋಡುತ್ತ. “ನನ್ನಿಂದ ತಪ್ಪಾಗಿದೆ. ಮನೇಲಿ ಒಂಚೂರೂ ಸದ್ದಿರಲಿಲ್ಲ. ಕುರ್ಚಿ ಮೇಲೆ ಕೂತೋನಿಗೆ ನಿದ್ದೆ ಬಂದ್ಬಿಡ್ತು.”

ಮೊದಲು ನಕ್ಕದ್ದು ದೊಡ್ಡಮ್ಮ. “ಗೊರಕೆ ಹೊಡೀತಿದ್ರು! ನಾನೇ ಎಬ್ಬಿಸಲಿಲ್ಲ, ಪಾಪ ಅಂತ.” ಆಮೇಲೆ ಇಡೀ ಸಭೆ ನಕ್ಕಿತು. ಕಾರ್ಯದರ್ಶಿ ಆ ಹಳೆಯ ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಮುಂದಿನ ವಿಷಯ ನೀರಿನ ಟ್ಯಾಂಕು ಎಂದರು. ಮೈಕಕ್ಕ ಮಾತ್ರ ನಗಲೂ ಆಗದೆ ಅಳಲೂ ಆಗದೆ ದೊಡ್ಡಪ್ಪನ ಎರಡೂ ಕೈ ಹಿಡಿದುಕೊಂಡು ನಿಂತಿದ್ದಳು.

“ಆ ಹಾಳೆ ನನಗೆ ಕೊಡಿ ದೊಡ್ಡಪ್ಪ, ಚೌಕಟ್ಟು ಹಾಕಿಸಿ ಇಟ್ಕೋತೀನಿ,” ಎಂದು ಆಮೇಲೆ ಕೇಳಿದಳು.

“ರಿಜಿಸ್ಟರಿನಿಂದ ಹಾಳೆ ಹರಿಯೋದಾ?” ಎಂದು ಅವರು ಗಾಬರಿಯಾದರು. ಕೊಡಲಿಲ್ಲ.

ಅವರಿಗೆ ಹೇಗೆ ಋಣ ತೀರಿಸುವುದೆಂದು ಮೈಕಕ್ಕ ಬಹಳ ಯೋಚಿಸಿದಳು. ಹಣ್ಣು ಕೊಟ್ಟರೆ ಅರ್ಧ ವಾಪಸು ಬರುತ್ತಿತ್ತು, ಶಾಲು ಕೊಟ್ಟರೆ ಬೂದಿಯ ಚಾಪೆಯ ಮೇಲೆ ಹಾಸಿರುತ್ತಿತ್ತು. ಕೊನೆಗೆ ತನ್ನಲ್ಲಿದ್ದ ಒಂದೇ ಆಸ್ತಿಯಿಂದ ಒಂದಿಷ್ಟು ಕೊಟ್ಟಳು. ಈಗಲೂ ಹನ್ನೊಂದು ಐದರ ಬಸ್ಸಿನಿಂದ ಹನ್ನೆರಡು ಹದಿನೈದರ ಬಸ್ಸಿನವರೆಗೆ ಅವಳು ಮೈಕಿನ ಗುಂಡಿಯನ್ನು ಎರಡು ಗೆರೆ ಕೆಳಗಿಳಿಸಿ, ದನಿ ತಗ್ಗಿಸಿ ಮಾತಾಡುತ್ತಾಳೆ. ಮೂರನೇ ಮಹಡಿಯಲ್ಲಿ ಬೂದಿಯೂ ಎರಡನೇ ಮಹಡಿಯಲ್ಲಿ ದೊಡ್ಡಪ್ಪನೂ ಆ ಹೊತ್ತಿನಲ್ಲಿ ಮಲಗಿರುತ್ತಾರೆ. ಇದುವರೆಗೆ ಯಾರೂ ಬಸ್ಸು ತಪ್ಪಿಸಿಕೊಂಡಿಲ್ಲ.