ಎಣಿಸದೆ ಹೇಳಿದ ಲೆಕ್ಕ

ಮೊನ್ನೆ ಮನೆಯ ಮಿಕ್ಸಿ ಸುಟ್ಟು ಅಡುಗೆಮನೆಯ ತುಂಬ ಬೆಂದ ವಾರ್ನಿಶಿನ ವಾಸನೆ ಹಬ್ಬಿತು. ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಮಾತ್ರ ಅಲ್ಲೇ ನಿಂತು ಉಸಿರೆಳೆದುಕೊಂಡೆ. ನಿಮಗೆ ಮಲ್ಲಿಗೆಯ ವಾಸನೆಗೆ ಯಾರೋ ನೆನಪಾಗಬಹುದು; ಜೀವಮಾನವೆಲ್ಲ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತಿದವನಿಗೆ ಇದೇ ಮಲ್ಲಿಗೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಐ.ಟಿ.ಐ. ಮುಗಿಸಿ ಸಾಸ್ವೆಹಳ್ಳಿಯ ಮನೆಯಲ್ಲಿ ಎರಡು ವರ್ಷದಿಂದ ಸುಮ್ಮನೆ ಕೂತಿದ್ದೆ. ಅಪ್ಪ ಬೈಯುತ್ತಿರಲಿಲ್ಲ, ಬರೀ ನೋಡುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು. ಚನ್ನಗಿರಿಯ ರುದ್ರಪ್ಪ ಮೇಸ್ತ್ರಿಗಳ ವೈಂಡಿಂಗ್ ಅಂಗಡಿಗೆ ಜನ ಬೇಕಂತೆ ಎಂದು ಗೊತ್ತಾದದ್ದೇ ತಡ, 'ತಮ್ಮ ಘನ ಸಂಸ್ಥೆಯಲ್ಲಿ' ಎಂದು ಅರ್ಜಿ ಬರೆದುಕೊಂಡು ಬಸ್ಸು ಹತ್ತಿದೆ.

ಘನ ಸಂಸ್ಥೆಗೆ ತಗಡಿನ ಸೂರು, ಎರಡು ಬೆಂಚು. ಮೇಸ್ತ್ರಿಗಳು ಅರ್ಜಿಯನ್ನು ಓದದೆ ಜೇಬಿಗಿಟ್ಟು, ಸುಟ್ಟ ಮೋಟಾರೊಂದನ್ನು ತೋರಿಸಿ, ಹೊಸ ತಂತಿ ಸುತ್ತಿ ಕಟ್ಟು ಎಂದರು. ಪಕ್ಕದ ಬೆಂಚಿನ ಮೇಲೆ ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು ಮೋಟಾರು. ಅದರ ಮುಂದೆ ಜಗಳೂರಿನಿಂದ ಬಂದ ಹನುಮಂತ. ಎರಡು ದಿನ ಸಮಯ, ಇಬ್ಬರಲ್ಲಿ ಒಬ್ಬನಿಗೆ ಕೆಲಸ.

ಬೆಂಚು ಚೊಕ್ಕಟವಾಗಿರಬೇಕು ಎಂದು ಐ.ಟಿ.ಐ. ಮೇಷ್ಟ್ರು ಕಲಿಸಿದ್ದರು. ನಾನು ಸುಟ್ಟ ತಂತಿಯನ್ನೆಲ್ಲ ಕತ್ತರಿಸಿ ಎಳೆದು ಗುಜರಿ ಚೀಲಕ್ಕೆ ತುಂಬಿ, ಬೆಂಚು ಒರೆಸಿ, ಜಂಬದಿಂದ ಹೊಸ ತಂತಿಗೆ ಕೈ ಹಾಕಿದೆ. ಆಗ ಹೊಳೆಯಿತು: ಹಳೆಯ ಸುರುಳಿಯಲ್ಲಿ ಎಷ್ಟು ಸುತ್ತಿತ್ತೆಂದು ಎಣಿಸಿಯೇ ಇರಲಿಲ್ಲ. ಲೆಕ್ಕ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ಚೀಲದಲ್ಲಿ ಅಂಗಡಿಯ ಹಳೆಯ ತಂತಿಯೆಲ್ಲ ಕಲೆತುಹೋಗಿತ್ತು.

ನನ್ನ ಮುಖ ನೋಡಿಯೇ ಹನುಮಂತನಿಗೆ ಅರ್ಥವಾಯಿತು. ಅವನ ಬೆಂಚೋ ಮಸಿ, ತುಂಡು ತಂತಿ, ಮೋಟುಬೀಡಿಗಳ ಸಂತೆ. ತಲೆ ಎತ್ತದೆ ಮೆಲ್ಲಗೆ ಹೇಳಿದ:

"ನಲವತ್ತೆರಡು ಸುತ್ತು ಐತೆ. ಎರಡು ಸಲ ಎಣಿಸೀನಿ. ನಿಂದೂ ಅಷ್ಟೇ ಇರ್ತೈತೆ, ಗಾಬ್ರಿ ಆಗಬ್ಯಾಡ."

ಉಪಕಾರವಾಯಿತು ಎನ್ನದೆಯೇ ನಲವತ್ತೆರಡರ ಲೆಕ್ಕಕ್ಕೆ ತಂತಿ ಸುತ್ತತೊಡಗಿದೆ. ಮೇಸ್ತ್ರಿಗಳು ಕೇಳಿಸಿಕೊಂಡಾರು ಎಂಬ ಭಯ.

ಮರುದಿನ ಸಂಜೆ ಎರಡು ಮೋಟಾರುಗಳೂ ಸದ್ದಿಲ್ಲದೆ ತಿರುಗಿದವು. ಮೇಸ್ತ್ರಿಗಳು ಮೈ ಮುಟ್ಟಿ ಬಿಸಿ ನೋಡಿ, ನನ್ನ ಕಡೆ ತಿರುಗಿದರು.

"ಸುತ್ತು ನೀನೇ ಎಣಿಸಿದ್ಯೇನಪ್ಪಾ?"

"ಹೂಂ ರೀ, ಎರಡು ಸಲ ಎಣಿಸೀನಿ."

ಎರಡು ಸಲ ಎಂಬುದನ್ನೂ ಬಿಡದೆ ಕದ್ದಿದ್ದೆ. ಹನುಮಂತ ಪಕ್ಕದಲ್ಲೇ ಕೈ ಒರೆಸಿಕೊಳ್ಳುತ್ತಿದ್ದ. ಒಂದು ಮಾತು ಆಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಮೇಸ್ತ್ರಿಗಳು ಎರಡೂ ಬೆಂಚು ನೋಡಿ, ಕೆಲಸದವನ ಜಾಗ ಹಿಂಗಿರಬೇಕು ಎಂದು ನನ್ನನ್ನು ಇಟ್ಟುಕೊಂಡರು. ಹನುಮಂತ ಚೀಲ ಹೆಗಲಿಗೇರಿಸಿ, "ಇನ್ಮ್ಯಾಲೆ ಎಣಿಸ್ಕೋ" ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ನನ್ನನ್ನು ಈಗಲೂ ಸುಡುವುದು.

ಮುಂದೆ ನನ್ನದೇ ಅಂಗಡಿಯಾಯಿತು. ಕೆಲಸ ಕೇಳಿ ಬಂದವರಿಗೆಲ್ಲ ಮೊದಲ ಪರೀಕ್ಷೆಯ ಕಥೆ ಹೇಳುತ್ತಿದ್ದೆ: ಹುಷಾರಾಗಿ ಎರಡು ಸಲ ಎಣಿಸಿದೆ, ಅದಕ್ಕೇ ಗೆದ್ದೆ. ಹೇಳಿ ಹೇಳಿ ನನಗೇ ನಂಬಿಕೆ ಬಂದುಬಿಟ್ಟಿತ್ತು.

ಮೊನ್ನೆ ಮಿಕ್ಸಿ ಸುಟ್ಟ ದಿನ ಊಟಕ್ಕೆ ಕೂತಾಗ ಅದೇ ಕಥೆ ತೆಗೆದೆ. ಅದು ಬಾಯಿಪಾಠವಾಗಿದ್ದ ಹೆಂಡತಿ ನನಗಿಂತ ಮೊದಲೇ, "ಎರಡು ಸಲ ಎಣಿಸಿದ್ರಿ, ಗೊತ್ತೈತೆ ಬಿಡ್ರಿ" ಎಂದಳು.

"ನಾನಲ್ಲ, ಹನುಮಂತ ಎಣಿಸಿದ್ದು" ಎಂದೆ.

ಅವಳು ಸಾರಿನ ಸೌಟು ಹಿಡಿದೇ ಕೇಳಿದಳು:

"ಹನುಮಂತ ಅಂದ್ರೆ ಯಾರ್ರೀ?"