ಲಾರಿಯಾದರೆ ಎರಡು ಸಲ ತಟ್ಟು

ಆಗೆಲ್ಲ ಬೇಸಿಗೆ ರಜೆ ಎಂದರೆ ಓರಗೆಯ ಮಕ್ಕಳಿಗೆ ಅಜ್ಜಿ ಮನೆ, ನನಗೆ ಅಪ್ಪನ ಕಾರಿನ ಮುಂದಿನ ಸೀಟು. ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಬಿಟ್ಟ ಅಪ್ಪ, ಬಂದ ಹಣದಲ್ಲಿ ಒಂದು ಹಳೆಯ ಬಿಳಿ ಡೀಸೆಲ್ ಕಾರು ಕೊಂಡಿದ್ದ. ಬೆಳಿಗ್ಗೆ ಮೂವರು ಮೇಡಂಗಳನ್ನು ಶಿವಮೊಗ್ಗದ ಆಫೀಸುಗಳಿಗೆ ಬಿಡುವುದು, ಸಂಜೆ ಕರೆದುಕೊಂಡು ಬರುವುದು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಮೂವರಿಂದ. ನಾನು ಮೂರನೇ ಕ್ಲಾಸು ಮುಗಿಸಿದ್ದೆ, ಬಾಯಿ ಮಾತ್ರ ಏಳನೇ ಕ್ಲಾಸಿನದು.

ಆ ಕಾರಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಡೀಸೆಲ್ಲು, ಹಿಂದಿನ ಸೀಟಿನ ಸರೋಜಾ ಮೇಡಂ ಮುಡಿದ ಮಲ್ಲಿಗೆ, ನನ್ನ ಫ್ರಾಕಿನ ಜೇಬಿನಲ್ಲಿದ್ದ ಉಪ್ಪುಖಾರದ ಮಾವಿನಕಾಯಿ ಹೋಳು. ಅಪ್ಪ ನನಗೊಂದು ಆಟ ಹೇಳಿಕೊಟ್ಟಿದ್ದ. ಹಿಂದಿನಿಂದ ಹಾರ್ನ್ ಕೇಳಿದ ಕೂಡಲೇ ಅವನ ಮೊಣಕೈ ತಟ್ಟಬೇಕು. ಬೈಕು, ಕಾರಾದರೆ ಒಂದು ಸಲ. ಬಸ್ಸು, ಲಾರಿಯಾದರೆ ಎರಡು ಸಲ. ಒಂದೂ ತಪ್ಪದಿದ್ದರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಾದಾಮಿ ಹಾಲು.

ಒಂದು ದಿನ ಮಾಚೇನಹಳ್ಳಿ ಹತ್ತಿರ, ಹಿಂದೆ ಏನೂ ಇಲ್ಲದಿದ್ದರೂ ಕಿತಾಪತಿಗೆಂದು ಎರಡು ಸಲ ತಟ್ಟಿದೆ. ಅಪ್ಪ ತಟ್ಟನೆ ಕಾರನ್ನು ಎಡಕ್ಕೆ ತೆಗೆದ. ಆಮೇಲೆ ಕನ್ನಡಿ ನೋಡಿದ. ಹಿಂದೆ ಒಂದು ಸೈಕಲ್ಲೂ ಇರಲಿಲ್ಲ.

"ಸುಳ್ಳು ತಟ್ಟಬಾರ್ದು ಪುಟ್ಟಿ. ಬೇರೆ ಏನ್ ಬೇಕಾದ್ರೂ ಮಾಡು, ಇದೊಂದು ಮಾಡ್ಬೇಡ" ಎಂದ. ಆಟಕ್ಕೆ ಇಷ್ಟು ಸಿಟ್ಟು ಯಾಕಪ್ಪಾ ಎಂದು ನಾನು ಮುಖ ಊದಿಸಿಕೊಂಡು ಕೂತೆ.

ಏಪ್ರಿಲ್ ಮುಗಿಯುವ ಹೊತ್ತಿಗೆ ಕಾರು ಕಿರುಚಲು ಶುರು ಮಾಡಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನಾಯಿಮರಿಯ ಬಾಲ ತುಳಿದ ಹಾಗೆ ಕಿರ್ರೆನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಸುಮ್ಮನಾದರೂ, ಮೇಡಂಗಳು ಸೆಕೆ ಎಂದು ಎಸಿ ಹಾಕಿಸಿದರೆ ಮತ್ತೆ ಕಿರ್ರ್. ಅಕ್ಕಪಕ್ಕದ ಮನೆಯವರು ಕಿಟಕಿಯಿಂದ ಇಣುಕುತ್ತಿದ್ದರು. ಅಪ್ಪ ಮಾತ್ರ ಏನೂ ಆಗದವನಂತೆ ಗೇರು ಹಾಕುತ್ತಿದ್ದ. ಈ ಸದ್ದಿಗೆ ಎಷ್ಟು ಸಲ ತಟ್ಟಬೇಕೆಂದು ನಮ್ಮ ಆಟದಲ್ಲಿ ಇರಲಿಲ್ಲ, ಹಾಗಾಗಿ ನಾನು ತಟ್ಟಲಿಲ್ಲ.

ಕೊನೆಗೆ ಸರೋಜಾ ಮೇಡಂ ಮುಂದಕ್ಕೆ ಬಗ್ಗಿ ಗಟ್ಟಿಯಾಗಿ ಕೇಳಿದರು. "ಏನ್ರೀ, ಹದಿನೈದು ದಿನದಿಂದ ಗಾಡಿ ಹಿಂಗೆ ಕಿರುಚ್ಕೊಳ್ತಿದೆ. ಕಿವಿ ಕೇಳಲ್ವಾ ನಿಮ್ಗೆ?"

"ತೋರಿಸ್ತೀನಿ ಮೇಡಂ" ಎಂದು ಅಪ್ಪ ನಕ್ಕ. ಸ್ಟೇರಿಂಗ್ ಹಿಡಿದ ಬೆರಳುಗಳು ನಗುತ್ತಿರಲಿಲ್ಲ.

ಅವರನ್ನು ಇಳಿಸಿ ಅನ್ವರ್ ಚಾಚಾನ ಶೆಡ್ಡಿಗೆ ಹೋದೆವು. ಶಿವಮೊಗ್ಗದಲ್ಲಿ ಅಪ್ಪ ನಂಬುತ್ತಿದ್ದ ಮೆಕ್ಯಾನಿಕ್ ಅವನೊಬ್ಬನೇ.

"ಯಾವಾಗ ಬರುತ್ತೆ ಅಣ್ಣಾ ಸೌಂಡು? ಸ್ಟಾರ್ಟ್ ಮಾಡ್ದಾಗ್ಲಾ, ಎಸಿ ಹಾಕ್ದಾಗ್ಲಾ?"

"ಹಿಂಗೇ, ಓಡೋವಾಗ" ಎಂದ ಅಪ್ಪ.

ನಾನು ಪಕ್ಕದ ಅಂಗಡಿಯಲ್ಲಿ ಮಂಡಕ್ಕಿ ಮೇಯುತ್ತಿದ್ದೆ, ಇಲ್ಲದಿದ್ದರೆ ಅಲ್ಲೇ ಬಾಯಿ ಹಾಕುತ್ತಿದ್ದೆ. ಇಂಜಿನ್ ಬಿಸಿಯಾಗಿ ಸುಮ್ಮನಿತ್ತು. ಇಂಜಿನ್ನಿನ ರಬ್ಬರ್ ಬೆಲ್ಟು ಬಿರುಕು ಬಿಟ್ಟದ್ದು ನೋಡಿ ಚಾಚಾ ಹೊಸದು ಹಾಕಿಕೊಟ್ಟ. ಮರುದಿನ ಬೆಳಿಗ್ಗೆ ಹೊಸ ಬೆಲ್ಟು ಹಳೆಯದಕ್ಕಿಂತ ಜೋರಾಗಿ ಕಿರುಚಿತು.

"ಶನಿವಾರದೊಳಗೆ ಸರಿ ಆಗ್ಲಿಲ್ಲ ಅಂದ್ರೆ ನಾವು ಬೇರೆ ಗಾಡಿ ನೋಡ್ಕೊಳ್ತೀವಿ" ಎಂದರು ಸರೋಜಾ ಮೇಡಂ. ಅವತ್ತು ನಾನು ಒಂದು ಹಾರ್ನೂ ತಪ್ಪಿಸಿರಲಿಲ್ಲ, ಆದರೂ ಅಪ್ಪ ಬಾದಾಮಿ ಹಾಲು ಮರೆತ.

ಮತ್ತೆ ಶೆಡ್ಡಿಗೆ. ಈ ಸಲ ಚಾಚಾ ಎಸಿ ಹಾಕಿಸಿ ಬಾನೆಟ್ ಎತ್ತಿದ. ಓಡುತ್ತಿದ್ದ ಬೆಲ್ಟಿಗೆ ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿದ, ಸದ್ದು ಇನ್ನೂ ಜೋರಾಯಿತು. "ಬೆಲ್ಟ್ ಜಾರ್ತಿದೆ. ಹೊಸ ಬೆಲ್ಟೂ ಜಾರುತ್ತೆ ಅಂದ್ರೆ, ಅದನ್ನ ಬಿಗಿ ಹಿಡಿಯೋನು ಸೋತಿರ್ಬೇಕು" ಎಂದು ಒಂದು ಪುಟ್ಟ ಚಕ್ರ ತೋರಿಸಿದ. ಅದರ ಹೆಸರು ಟೆನ್ಷನರ್. "ಇಲ್ಲಾ ಅಂದ್ರೆ ಬ್ಯಾಟರಿ ಚಾರ್ಜ್ ಮಾಡೋ ಈ ಆಲ್ಟರ್ನೇಟರ್ ಪುಲ್ಲಿ. ನೀವೂ ಕೇಳಿ ಅಣ್ಣಾ" ಎಂದು ಉದ್ದನೆಯ ಸ್ಕ್ರೂಡ್ರೈವರ್ ಕೊಟ್ಟ. ತುದಿಯನ್ನು ಇಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಗಿಟ್ಟರೆ ಒಳಗಿನ ಸದ್ದೆಲ್ಲ ಕೇಳುತ್ತದೆ.

ಅಪ್ಪ ಎರಡು ಕಡೆಯೂ ಇಟ್ಟು, ತಲೆಯಾಡಿಸಿ, "ಆಲ್ಟರ್ನೇಟರೇ" ಎಂದ.

ನಾನು ಬಿಡುತ್ತೇನೆಯೇ? ನನಗೂ ಬೇಕೆಂದು ಹಟ ಹಿಡಿದೆ. ಚಾಚಾ ನನ್ನ ಜಡೆಯನ್ನು ಹಿಂದಕ್ಕೆ ಬಿಗಿಯಾಗಿ ಹಿಡಿದುಕೊಂಡು ಕೇಳಿಸಿದ.

"ಅಪ್ಪಾ, ನೀನು ಹೇಳಿದ್ದು ದುಂಬಿ ಥರ ಗುಂಯ್ ಅಂತಿದೆ ಅಷ್ಟೇ. ಆ ಸಣ್ಣದು ಮರಳು ಅಗಿದ ಹಾಗೆ ಕರಕರ ಅಂತಿದೆ. ನಿಂಗೆ ಕೇಳ್ಲಿಲ್ವಾ?" ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಚಾಚಾ, ಹಾರ್ನ್ ಆದ್ರೂ ಅಪ್ಪಂಗೆ ನಾನೇ ತಟ್ಟಿ ಹೇಳೋದು" ಎಂದು ಆಟದ ನಿಯಮವನ್ನೆಲ್ಲ ಜಂಬದಿಂದ ಒದರಿದೆ.

ಚಾಚಾ ಇಂಜಿನ್ ಆಫ್ ಮಾಡಿದ. ಬೆಲ್ಟು ಬಿಚ್ಚಿ, ಅಪ್ಪನ ಬಲಗೈ ಹಿಡಿದು ಆ ಪುಟ್ಟ ಚಕ್ರದ ಮೇಲಿಟ್ಟ. "ತಿರುಗ್ಸಿ ನೋಡಿ ಅಣ್ಣಾ."

ಅಪ್ಪ ಕಣ್ಣು ಮುಚ್ಚಿ ಮೆಲ್ಲಗೆ ತಿರುಗಿಸಿದ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಯಂತ್ರ ಮುಟ್ಟಿದ ಕೈ ಅದು. "ಬೇರಿಂಗ್ ಹೋಗಿದೆ ಅನ್ವರ್. ಒರಟೊರಟಾಗಿ ತಿರುಗ್ತಿದೆ. ಒಂದು ಕೂದಲಷ್ಟು ಅಲ್ಲಾಡ್ತಾನೂ ಇದೆ." ಆಲ್ಟರ್ನೇಟರ್ ಪುಲ್ಲಿಯನ್ನೂ ತಿರುಗಿಸಿದ. "ಇದು ಬೆಣ್ಣೆ. ನಾನು ಹೇಳಿದ್ದು ತಪ್ಪು."

ಚಾಚಾ ಅವನ ಎದುರಿಗೇ ನಿಂತು, ನಿಧಾನವಾಗಿ ಕೇಳಿದ. "ಎಷ್ಟು ದಿನ ಆಯ್ತು ಅಣ್ಣಾ?"

ಅಪ್ಪ ಮೊದಲು ನನ್ನನ್ನು ನೋಡಿದ. "ಕಾರ್ಖಾನೆ ಬಿಡೋ ಮುಂಚೇನೇ. ಹತ್ರದಿಂದ ಗಟ್ಟಿಯಾಗಿ ಆಡಿದ ಮಾತು ಕೇಳುತ್ತೆ, ಹಾರ್ನು, ಕಿರುಚೋ ಸದ್ದು ಏನೂ ಇಲ್ಲ. ಗೊತ್ತಾದ್ರೆ ಯಾರು ಹತ್ತುತ್ತಾರೆ ನನ್ನ ಗಾಡಿ?"

"ಜೂನ್‌ನಲ್ಲಿ ಬೇಟಿ ಸ್ಕೂಲಿಗೆ ಹೋಗ್ತಾಳಲ್ಲ, ಆಗ ಯಾರು ತಟ್ತಾರೆ?"

ಚಾಚಾ ಕಾರಿನ ಕೀ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. "ಹೊಸ ಟೆನ್ಷನರ್ ಹಾಕಿಡ್ತೀನಿ, ಕಿವಿ ಡಾಕ್ಟರ ಹತ್ರ ಹೋಗಿ ಬರೋ ತನಕ ನನ್ ತಮ್ಮ ಮೇಡಂಗಳನ್ನ ಬಿಡ್ತಾನೆ, ನಿಮ್ಗೆ ಮಾತ್ರ ಕೀ ಕೊಡಲ್ಲ" ಎಂದ. ಆ ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಸುಳ್ಳು ತಟ್ಟಿದ ದಿನ ನೆನಪಾಗಿ ಬಿಕ್ಕಿ ಬಿಕ್ಕಿ ಅತ್ತೆ.

"ಆಟ ಸುಳ್ಳಾಗಿತ್ತಾ ಅಪ್ಪಾ?"

"ಇಲ್ಲ ಮಗಾ. ನೀನು ಗೆದ್ದಿದ್ದೆಲ್ಲ ನಿಜಾನೇ" ಎಂದ.

ಹತ್ತು ದಿನದ ಮೇಲೆ ಅಪ್ಪನ ಎರಡೂ ಕಿವಿಗೆ ಮೆಷಿನ್ ಬಂತು. ಮುಚ್ಚಿಡುವುದು ಬೇಡವೆಂದು ಮೇಡಂಗಳಿಗೆ ತಾನೇ ಎಲ್ಲ ಹೇಳಿದ. ಕಾರಿನ ಬಾಗಿಲು ಹಿಡಿದು ನಿಂತಿದ್ದ ಸರೋಜಾ ಮೇಡಂ ಅವನ ಕಿವಿಯ ಮೆಷಿನ್ನನ್ನು ಬಗ್ಗಿ ನೋಡಿದರು.

"ನಮ್ಮನೆಯವ್ರಿಗೆ ಎರಡು ಕಿವೀನೂ ಚೆನ್ನಾಗೇ ಇದೆ. ಒಂದು ಮಾತು ಕೇಳಲ್ಲ" ಎಂದು ಹತ್ತಿ ಕೂತರು.

ಸೇತುವೆ ದಾಟಿ ತಿರುವಿಗೆ ಬಂದಾಗ ಅಪ್ಪ ಬೆಚ್ಚಿಬಿದ್ದ. "ಇದೇನು ಪುಟ್ಟಿ, ಟಿಕ್ ಟಿಕ್ ಅಂತಿದೆ? ಮತ್ತೆ ಕೆಡ್ತಾ?"

"ಇಂಡಿಕೇಟರ್ ಅಪ್ಪಾ."

ತಿರುವು ಮುಗಿದರೂ ಅಪ್ಪ ಅದನ್ನು ಬಹಳ ಹೊತ್ತು ಆರಿಸಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ನಾನು ಎರಡು ಸಲ ತಟ್ಟಲು ಕೈ ಚಾಚಿದೆ.

"ಕೇಳ್ತು ಪುಟ್ಟಿ" ಎಂದ ಅಪ್ಪ, ಮುಖ ಅರಳಿಸಿಕೊಂಡು. ನಾನೂ ನಕ್ಕೆ. ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡೆ. ಬಾದಾಮಿ ಹಾಲು ಆಮೇಲೂ ಸಿಗುತ್ತಿತ್ತು, ಆದರೆ ಅದು ಗೆದ್ದ ಹಾಲಾಗಿರಲಿಲ್ಲ.

ಅನ್ವರ್ ಚಾಚಾನ ಶೆಡ್ಡು ಇದ್ದ ಕಡೆ ಈಗ ಮೊಬೈಲ್ ಅಂಗಡಿಗಳಿವೆ. ಕಾರು ಕೆಟ್ಟರೆ ಕಂಪ್ಯೂಟರ್ ಸಿಕ್ಕಿಸಿ ನೋಡುತ್ತಾರೆ, ಸ್ಕ್ರೂಡ್ರೈವರನ್ನು ಕಿವಿಗಿಡುವವರನ್ನು ನಾನು ಕಂಡಿಲ್ಲ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಹೋದ ತಿಂಗಳು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಟ್ಯಾಕ್ಸಿ ಮಾಡಿಕೊಂಡು ಹೊರಟಿದ್ದೆ. ಎಂದಿನಂತೆ ಮುಂದೆ ಕೂತಿದ್ದೆ. ಮಾಚೇನಹಳ್ಳಿ ಹತ್ತಿರ ಹಿಂದಿನಿಂದ ಲಾರಿಯ ಹಾರ್ನ್ ಕೇಳಿದ್ದೇ ನನ್ನ ಬಲಗೈ ತಾನಾಗಿ ಮೇಲೆದ್ದು, ಡ್ರೈವರ್ ಹುಡುಗನ ಮೊಣಕೈವರೆಗೂ ಹೋಗಿ ನಿಂತಿತು.

ಅವನು ಗಾಬರಿಯಿಂದ ನೋಡಿದ. "ಏನ್ ಮೇಡಂ?"

"ಏನಿಲ್ಲ ಕಣಪ್ಪ. ಹಿಂದೆ ಲಾರಿ ಇದೆ."

"ಕೇಳ್ತು ಮೇಡಂ" ಎಂದ.